ಕಲಮು: ಬರೆಯುವ ಕಡ್ಡಿ, ಬೆಳೆಯುವ ಕಡ್ಡಿ
(ಹಣ್ಣಿನ ಗಿಡಗಳ ಕಡ್ಡಿ ನಾಟಿಯ ಇತಿಹಾಸ ಮತ್ತು ನಮ್ಮ ರಾಯಚೂರು ಸೀಮೆ)

ವಿದ್ಯಾಸಂಸ್ಥೆಗಳ ಸಭೆ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಪದವಿದೆ. ಅದು ‘ಕಲಮು’. ಪವಿತ್ರ ಕುರ್‌ಆನಿನ ಮೊಟ್ಟಮೊದಲು ಅವತೀರ್ಣವಾದ ವಚನಗಳಲ್ಲಿಯೇ ಅಲ್ಲಾಹನು ಮನುಷ್ಯನಿಗೆ ಲೇಖನಿಯ ಮೂಲಕ ಜ್ಞಾನ ಕಲಿಸಿದ ಪ್ರಸ್ತಾಪವಿದೆ. 68ನೆಯ ಅಧ್ಯಾಯಕ್ಕೆ ‘ಅಲ್ ಕಲಮ್’ ಎಂದೇ ಹೆಸರು. ಆದ್ದರಿಂದ ಕಲಮು ಎಂದೊಡನೆ ನಮಗೆ ನೆನಪಾಗುವುದು ಪಾಠಶಾಲೆ, ಪುಸ್ತಕ ಮತ್ತು ಪರೀಕ್ಷೆ.

ಆದರೆ ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಉರ್ದುವಿನಲ್ಲಿ ‘ಕಲಮ್ ಲಗಾನಾ’ ಎಂದರೆ ಗಿಡದ ಟೊಂಗೆಯನ್ನು ಕತ್ತರಿಸಿ ನೆಡುವುದು ಅಥವಾ ಕಸಿ ಕಟ್ಟುವುದು. ಕಸಿ ಮಾವಿಗೆ ‘ಕಲ್ಮಿ ಆಮ್’ ಎನ್ನುತ್ತಾರೆ. ಅರಬ್ಬಿಯಲ್ಲಿ ‘ತಕ್ಲೀಮ್’ ಎಂದರೆ ಗಿಡದ ಟೊಂಗೆ ಸವರುವುದು. ಉಗುರು ಕತ್ತರಿಸುವುದಕ್ಕೂ ಅದೇ ಪದ. ಮೂಲದಲ್ಲಿ ಲೇಖನಿಯೂ ಕತ್ತರಿಸಿದ ಒಂದು ಕಡ್ಡಿಯೇ ತಾನೆ? ಜೊಂಡಿನ ದಂಟನ್ನು ತಂದು ಒಣಗಿಸಿ, ಹರಿತವಾದ ಚಾಕುವಿನಿಂದ ತುದಿಯನ್ನು ಓರೆಯಾಗಿ ಕೊಯ್ದರೆ ಅದು ಕಲಮು. ದಾಳಿಂಬೆಯ ಬಲಿತ ಟೊಂಗೆಯನ್ನು ಓರೆಯಾಗಿ ಕೊಯ್ದು ಮಣ್ಣಿಗೆ ಊರಿದರೆ ಅದೂ ಕಲಮೇ. ಒಂದು ಕಡ್ಡಿ ಕಾಗದದ ಮೇಲೆ ಬೆಳೆಯುತ್ತದೆ, ಇನ್ನೊಂದು ಮಣ್ಣಿನಲ್ಲಿ.

ಈ ಎರಡನೆಯ ಕಲಮಿನ ಚರಿತ್ರೆಯನ್ನು ನಮ್ಮ ಸದಸ್ಯರ ಮತ್ತು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಏಕೆಂದರೆ ಎರಡೂ ಕಲಮುಗಳು ಒಂದೇ ಕೈಯಲ್ಲಿದ್ದ ಕಾಲದಲ್ಲಿ ತೋಟಗಳೂ ಬೆಳೆದವು, ಗ್ರಂಥಗಳೂ ಬೆಳೆದವು. ಅವು ಬೇರೆ ಬೇರೆ ಕೈ ಸೇರಿದಾಗ ಎರಡಕ್ಕೂ ನಷ್ಟವಾಯಿತು.

ಬೀಜ ಏಕೆ ಸಾಲದು?

ಸಿಹಿಯಾದ ದಾಳಿಂಬೆ ಹಣ್ಣೊಂದನ್ನು ತಿಂದು ಅದರ ಬೀಜವನ್ನು ಹಿತ್ತಲಲ್ಲಿ ಹಾಕಿದರೆ ಗಿಡವೇನೋ ಹುಟ್ಟುತ್ತದೆ. ಆದರೆ ಅದರ ಹಣ್ಣು ತಾಯಿ ಮರದ ಹಣ್ಣಿನಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಹುಳಿಯಾಗಬಹುದು, ಕಾಳು ಗಟ್ಟಿಯಾಗಬಹುದು, ಬಣ್ಣ ಮಾಸಬಹುದು. ಬೀಜದಲ್ಲಿ ತಂದೆ ತಾಯಿ ಇಬ್ಬರ ಗುಣವೂ ಬೆರೆತಿರುತ್ತದೆ. ಒಂದೇ ಮನೆಯ ಮಕ್ಕಳು ಒಬ್ಬರಂತೆ ಒಬ್ಬರು ಇರದ ಹಾಗೆ ಒಂದೇ ಹಣ್ಣಿನ ಬೀಜಗಳೂ ಒಂದೊಂದು ಬಗೆ.

ಕಡ್ಡಿಯ ಮಾತು ಬೇರೆ. ಟೊಂಗೆಯ ತುಂಡು ಬೇರು ಬಿಟ್ಟು ಗಿಡವಾದರೆ ಅದು ತಾಯಿ ಮರದ ಮಗುವಲ್ಲ, ತಾಯಿ ಮರವೇ. ಅದೇ ರುಚಿ, ಅದೇ ಬಣ್ಣ, ಅದೇ ಗುಣ. ಬೀಜದ ಗಿಡಕ್ಕಿಂತ ಬೇಗ ಫಲಕ್ಕೂ ಬರುತ್ತದೆ. ಒಂದು ಒಳ್ಳೆಯ ಮರ ಸಿಕ್ಕಿತೆಂದರೆ ಅದನ್ನು ನೂರು ಊರಿಗೆ, ನೂರು ವರ್ಷಕ್ಕೆ ದಾಟಿಸುವ ಉಪಾಯವಿದು. ಪುಸ್ತಕವನ್ನು ನಕಲು ಮಾಡಿದಂತೆ ಮರವನ್ನೂ ನಕಲು ಮಾಡಬಹುದು ಎಂಬುದನ್ನು ಮನುಷ್ಯ ಕಂಡುಕೊಂಡದ್ದು ಕೃಷಿಯ ಚರಿತ್ರೆಯಲ್ಲಿ ಒಂದು ದೊಡ್ಡ ಹೆಜ್ಜೆ.

ಎಲ್ಲ ಗಿಡವೂ ಈ ಉಪಾಯಕ್ಕೆ ಒಗ್ಗುವುದಿಲ್ಲ. ದಾಳಿಂಬೆ, ಅಂಜೂರ, ದ್ರಾಕ್ಷಿ, ಹಿಪ್ಪುನೇರಳೆ ಸುಲಭವಾಗಿ ಬೇರು ಬಿಡುತ್ತವೆ. ನಮ್ಮ ಮನೆಗಳ ಹಿತ್ತಲಿನ ನುಗ್ಗೆ ಮತ್ತು ಮೆಹಂದಿಯನ್ನು ಹೆಣ್ಣುಮಕ್ಕಳು ಟೊಂಗೆ ಊರಿಯೇ ಬೆಳೆಸುತ್ತಾರೆ. ಪೇರಲಕ್ಕೆ ಬರಿಯ ಕಡ್ಡಿಗಿಂತ ಗೂಟಿ ಕಟ್ಟುವುದೇ ಲೇಸು. ಮಾವು, ಚಿಕ್ಕು, ಹಲಸು ಬರಿಯ ಕಡ್ಡಿಯಿಂದ ಬರುವುದು ಬಲು ಕಷ್ಟ. ಅವುಗಳಿಗೆ ಬೇರೊಂದು ಗಿಡದ ಬೇರಿನ ಆಸರೆ ಬೇಕು. ಅದಕ್ಕಾಗಿಯೇ ಕಸಿ ವಿದ್ಯೆ ಬೆಳೆಯಿತು.

ತಾಯಿಯಿಂದ ಬೇರ್ಪಟ್ಟ ಸಸಿ

ನಾಳೆಯೇ ಅಂತ್ಯದಿನ ಬಂದರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕು ಎಂಬ ಆಶಯದ ಪ್ರವಾದಿ ವಚನವನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಸಸಿ ಎಂಬುದಕ್ಕೆ ಬಳಕೆಯಾದ ಅರಬ್ಬಿ ಪದ ‘ಫಸೀಲ’. ಇದು ಬೀಜದಿಂದ ಹುಟ್ಟಿದ ಸಸಿಯಲ್ಲ. ಖರ್ಜೂರದ ಮರದ ಬುಡದಲ್ಲಿ ಹುಟ್ಟುವ ಮರಿಯನ್ನು ತಾಯಿಯಿಂದ ಬೇರ್ಪಡಿಸಿದಾಗ ಅದಕ್ಕೆ ಫಸೀಲ ಎನ್ನುತ್ತಾರೆ. ಬೇರ್ಪಡಿಸುವುದು ಎಂಬ ಅರ್ಥ ಆ ಪದದಲ್ಲೇ ಇದೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಹುಟ್ಟುವುದು ಯಾವುದೆಂದು ವರ್ಷಗಟ್ಟಲೆ ತಿಳಿಯದು. ಹಾಗಾಗಿ ಅರಬರು ಪ್ರಾಚೀನ ಕಾಲದಿಂದಲೂ ಮರಿಯನ್ನೇ ಬೇರ್ಪಡಿಸಿ ನೆಡುತ್ತಿದ್ದರು.

ಹಝ್ರತ್ ಸಲ್ಮಾನ್ ಫಾರ್ಸಿ(ರ) ಅವರ ಜೀವನದ ಪ್ರಸಂಗವೊಂದು ಇಲ್ಲಿ ಸ್ಮರಣೀಯ. ಗುಲಾಮಗಿರಿಯಿಂದ ಬಿಡುಗಡೆ ಪಡೆಯಲು ಅವರು 300 ಖರ್ಜೂರದ ಸಸಿಗಳನ್ನು ನೆಟ್ಟುಕೊಡಬೇಕಿತ್ತು ಮತ್ತು 40 ಊಕಿಯ ಚಿನ್ನ ಕೊಡಬೇಕಿತ್ತು. ಸಹಾಬಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಒಬ್ಬರು ಮೂವತ್ತು, ಒಬ್ಬರು ಇಪ್ಪತ್ತು, ಒಬ್ಬರು ಹತ್ತು ಎಂದು ಸಸಿಗಳನ್ನು ಕೂಡಿಸಿದರು. ಸಲ್ಮಾನ್(ರ) ಗುಂಡಿ ತೋಡಿದರು. ಪ್ರವಾದಿವರ್ಯರು(ಸ) ಸ್ವತಃ ತಮ್ಮ ಕೈಯಿಂದ ನೆಟ್ಟರು. ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಸಸಿಗಳೇ ಬೆಲೆಯಾದ ಘಟನೆಯಿದು. ಸಸಿ ನೆಡುವ ಕೆಲಸವನ್ನು ಕೀಳೆಂದು ಭಾವಿಸುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇನ್ನೊಂದು ಪ್ರಸಂಗ ಮದೀನಾದ ರೈತರದು. ಖರ್ಜೂರದ ಪರಾಗಸ್ಪರ್ಶದ ವಿಷಯದಲ್ಲಿ, ಲೌಕಿಕ ಕಸುಬಿನ ಸಂಗತಿಗಳು ಅದನ್ನು ಮಾಡುವವರಿಗೇ ಹೆಚ್ಚು ತಿಳಿದಿರುತ್ತವೆ ಎಂಬ ಅಭಿಪ್ರಾಯವನ್ನು ಪ್ರವಾದಿವರ್ಯರು(ಸ) ವ್ಯಕ್ತಪಡಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. ಅನುಭವ ಮತ್ತು ಪ್ರಯೋಗಕ್ಕೆ ದೊರೆತ ಈ ಗೌರವ ಮುಂದೆ ಮುಸ್ಲಿಮ್ ಕೃಷಿ ವಿದ್ವಾಂಸರ ಬರವಣಿಗೆಯಲ್ಲಿ ಫಲ ಕೊಟ್ಟಿತೆಂದು ಹೇಳಬಹುದು.

ನಮ್ಮ ನೆಲದ ಹಳೆಯ ಬರಹಗಳು

ಈ ವಿದ್ಯೆ ಹೊರಗಿನಿಂದಲೇ ಬಂದುದೆಂದು ತಿಳಿಯಬಾರದು. ಭಾರತದಲ್ಲಿ ಇದಕ್ಕೆ ಬಹಳ ಹಳೆಯ ಪರಂಪರೆಯಿದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಸಾಮ್ರಾಟ ಅಶೋಕನ ಶಾಸನ 1915ರಲ್ಲಿ ಪತ್ತೆಯಾಗಿ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಲೋಕಕ್ಕೆ ಖಚಿತವಾಯಿತು. ಅದೇ ಅಶೋಕನ ಬೇರೊಂದು ಶಿಲಾಶಾಸನವು ಔಷಧಿ ಸಸ್ಯಗಳೂ ಹಣ್ಣಿನ ಗಿಡಗಳೂ ಎಲ್ಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ ಸಂಗತಿಯನ್ನು ಸಾರುತ್ತದೆ.

6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದದ ಒಂದು ಅಧ್ಯಾಯವಿದೆ. ಕಾಂಡದಿಂದ ನೆಡಬಹುದಾದ ಗಿಡಗಳ ಪಟ್ಟಿಯನ್ನು ಅಲ್ಲಿ ಕೊಟ್ಟು, ಅವುಗಳಿಗೆ ಸಗಣಿ ಬಳಿಯಬೇಕೆಂದು ಹೇಳಿದೆ. ಪಟ್ಟಿಯಲ್ಲಿ ದಾಳಿಂಬೆ, ದ್ರಾಕ್ಷಿ ಮತ್ತು ಮಾದಲ ಇವೆ. ಈ ಮೂರೂ ಇಂದಿಗೂ ಕಡ್ಡಿಯಿಂದ ಬರುವ ಗಿಡಗಳೇ. ಆದರೆ ಹಲಸು, ನೇರಳೆಗಳೂ ಅದೇ ಪಟ್ಟಿಯಲ್ಲಿವೆ. ಅವು ಅಷ್ಟು ಸುಲಭವಾಗಿ ಕಡ್ಡಿಯಿಂದ ಬರುವುದಿಲ್ಲ. ಶ್ಲೋಕದ ಮುಂದಿನ ಭಾಗದಲ್ಲಿ ಬೇರೆ ಗಿಡದ ಬೇರು ಅಥವಾ ಕಾಂಡದ ಮೇಲೆ ಕೂರಿಸುವ ಮಾತು ಬರುವುದರಿಂದ ಕಸಿಯೂ ಲೇಖಕನ ಮನಸ್ಸಿನಲ್ಲಿ ಇದ್ದಿರಬೇಕು. ಹಳೆಯ ಗ್ರಂಥವನ್ನು ಗೌರವದಿಂದಲೂ ಓದಬೇಕು, ಪರೀಕ್ಷಿಸಿಯೂ ನೋಡಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಕನ್ನಡಕ್ಕೂ ಇಲ್ಲಿ ಹೆಮ್ಮೆಪಡುವ ಸ್ಥಾನವಿದೆ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರಲ್ಲಿ ‘ಲೋಕೋಪಕಾರ’ ಎಂಬ ಗ್ರಂಥ ರಚಿಸಿದನು. ಅಂತರ್ಜಲ ಶೋಧನೆ, ವೃಕ್ಷಾಯುರ್ವೇದ, ಅಡುಗೆ, ಸುಗಂಧ ದ್ರವ್ಯ, ಪಶುವೈದ್ಯ ಮೊದಲಾಗಿ ಜನಸಾಮಾನ್ಯರ ಬದುಕಿಗೆ ಬೇಕಾದ ಸಂಗತಿಗಳನ್ನು ಕನ್ನಡದಲ್ಲಿ ಒಟ್ಟುಗೂಡಿಸಿದ ಗ್ರಂಥವದು. ಇದಕ್ಕೆ ಕೆಲವೇ ವರ್ಷ ಮುಂಚೆ, ಅಂದರೆ 1021ರ ಸುಮಾರಿಗೆ, ಅದೇ ಜಯಸಿಂಹನಿಗೂ ಚೋಳ ರಾಜೇಂದ್ರನಿಗೂ ಮುಸಂಗಿ ಎಂಬಲ್ಲಿ ಯುದ್ಧವಾಗಿತ್ತು. ಆ ಮುಸಂಗಿಯೇ ಇಂದಿನ ಮಸ್ಕಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಯುದ್ಧದ ಗೆಲುವು ಸೋಲು ಇಂದು ಯಾರಿಗೂ ಉಪಯೋಗವಿಲ್ಲ. ಗಿಡ ಬೆಳೆಸುವ ಕ್ರಮ ಹೇಳಿದ ಪುಸ್ತಕ ಮಾತ್ರ ಸಾವಿರ ವರ್ಷದ ಮೇಲೂ ಓದಲು ಸಿಗುತ್ತಿದೆ.

ಅಂದಲೂಸಿನ ತೋಟಗಳು

ಚಾವುಂಡರಾಯನು ಕನ್ನಡದಲ್ಲಿ ಬರೆದ ಅದೇ ಶತಮಾನದಲ್ಲಿ, ಸಾವಿರಾರು ಮೈಲಿ ದೂರದ ಸ್ಪೇನ್ ದೇಶದಲ್ಲಿ ಮುಸ್ಲಿಮ್ ವಿದ್ವಾಂಸರು ಇದೇ ವಿಷಯವನ್ನು ಅರಬ್ಬಿಯಲ್ಲಿ ಬರೆಯುತ್ತಿದ್ದರು. ಅದರ ಹಿನ್ನೆಲೆಯಲ್ಲಿ ಒಂದು ದಾಳಿಂಬೆಯ ಕಥೆಯಿದೆ.

ಸಿರಿಯಾದಿಂದ ಪ್ರಾಣ ಉಳಿಸಿಕೊಂಡು ಬಂದ ಉಮಯ್ಯಾ ವಂಶದ ಮೊದಲನೆಯ ಅಬ್ದುರ್ರಹ್ಮಾನ್ 756ರಲ್ಲಿ ಕೊರ್ಡೊವಾದಲ್ಲಿ ರಾಜ್ಯ ಸ್ಥಾಪಿಸಿದನು. ತವರಿನ ನೆನಪಿಗಾಗಿ ರುಸಾಫ ಎಂಬ ತೋಟ ಮಾಡಿಸಿದನು. ಸಿರಿಯಾದಿಂದ ಅವನಿಗೆ ಬಂದ ದಾಳಿಂಬೆ ಹಣ್ಣುಗಳಲ್ಲಿ ಕೆಲವು ಸಫರ್ ಎಂಬವನ ಕೈಸೇರಿದವು. ಅವನು ತನ್ನ ಹಳ್ಳಿಯಲ್ಲಿ ಅವುಗಳಿಂದ ಗಿಡ ಬೆಳೆಸಿ, ಫಲ ಬಂದ ಮೇಲೆ ತಂದು ಅರಸನಿಗೆ ಒಪ್ಪಿಸಿದನು. ಆ ದಾಳಿಂಬೆಗೆ ಅವನ ಹೆಸರಿನಿಂದಲೇ ‘ಸಫರೀ’ ಎಂಬ ಹೆಸರು ನಿಂತಿತು. ಅರಮನೆಗೆ ಬಂದ ಹಣ್ಣು ಊಟದ ತಟ್ಟೆಯಲ್ಲೇ ಮುಗಿದಿದ್ದರೆ ಅದಕ್ಕೆ ಚರಿತ್ರೆ ಇರುತ್ತಿರಲಿಲ್ಲ. ಒಬ್ಬನು ಅದನ್ನು ಮಣ್ಣಿಗೆ ಸೇರಿಸಿದ್ದರಿಂದ ಅದು ಒಂದು ದೇಶದ ಸಂಪತ್ತಾಯಿತು.

11ನೆಯ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಇಬ್ನ್ ಬಸ್ಸಾಲ್ ಎಂಬ ತೋಟಗಾರಿಕಾ ಪಂಡಿತನಿದ್ದನು. ಅವನ ಗ್ರಂಥ ಮಣ್ಣು, ನೀರು, ಗೊಬ್ಬರ, ನಾಟಿ ಮತ್ತು ಕಸಿಯನ್ನು ಕ್ರಮವಾಗಿ ವಿವರಿಸುತ್ತದೆ. 12ನೆಯ ಶತಮಾನದಲ್ಲಿ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ‘ಕಿತಾಬುಲ್ ಫಿಲಾಹ’ ಎಂಬ ಬೃಹತ್ ಕೃಷಿಗ್ರಂಥ ಬರೆದನು. ಅದರಲ್ಲಿ 585 ಸಸ್ಯಗಳ ವಿವರವಿದೆ. 50ಕ್ಕೂ ಹೆಚ್ಚು ಹಣ್ಣಿನ ಮರಗಳ ಕೃಷಿ ಕ್ರಮವಿದೆ. ಬೀಜದಿಂದ, ಕಡ್ಡಿಯಿಂದ, ಬುಡದ ಮರಿಯಿಂದ, ಟೊಂಗೆಯನ್ನು ಬಾಗಿಸಿ ಮಣ್ಣಲ್ಲಿ ಹೂಳುವುದರಿಂದ, ಕಸಿಯಿಂದ ಹೀಗೆ ಗಿಡ ಮಾಡುವ ದಾರಿಗಳನ್ನು ಆ ಪಂಡಿತರು ಬೇರೆ ಬೇರೆಯಾಗಿ ವಿಂಗಡಿಸಿದ್ದರು. ಇಬ್ನುಲ್ ಅವ್ವಾಮ್ ಹಿಂದಿನವರ ಮಾತನ್ನು ಅವರವರ ಹೆಸರು ಹೇಳಿಯೇ ಉಲ್ಲೇಖಿಸುತ್ತಾನೆ. ತನ್ನದೆಂದು ಹೇಳುವುದನ್ನು ಮಾತ್ರ ತಾನೇ ಹಲವು ಸಲ ಮಾಡಿ ನೋಡಿ ಬರೆದಿರುವುದಾಗಿ ತಿಳಿಸುತ್ತಾನೆ. ಸ್ಪೇನಿನ ಸರ್ಕಾರಕ್ಕೆ ಈ ಗ್ರಂಥದ ಬೆಲೆ ಎಷ್ಟು ಗೊತ್ತಾಯಿತೆಂದರೆ 1802ರಲ್ಲಿ ಅರಬ್ಬಿ ಮೂಲದ ಜೊತೆ ಸ್ಪ್ಯಾನಿಷ್ ಅನುವಾದವನ್ನು ಮ್ಯಾಡ್ರಿಡ್‌ನಲ್ಲಿ ಮುದ್ರಿಸಲಾಯಿತು.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದನ್ನು ಗಮನಿಸಬೇಕು. ಇವರು ಚಾಕು ಹಿಡಿದು ಟೊಂಗೆ ಕೊಯ್ದವರು. ಅದೇ ಕೈಯಿಂದ ಲೇಖನಿ ಹಿಡಿದು ಬರೆದವರು. ಎರಡೂ ಕಲಮು ಅವರಿಗೆ ಗೊತ್ತಿತ್ತು.

ದಖ್ಖನ್ನಿಗೆ ಬಂದ ಕಡ್ಡಿಗಳು

14ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ದೌಲತಾಬಾದಿನಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆಂದು ಬರೆದಿದ್ದಾನೆ. ಎರಡೂ ಕಡ್ಡಿಯಿಂದ ಬೆಳೆಯುವ ಗಿಡಗಳು. ದಖ್ಖನ್ನಿನ ಬಿಸಿಲು ಮತ್ತು ಬಾವಿಯ ನೀರು ಅವುಗಳಿಗೆ ಹಿಡಿಸಿತ್ತು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸಹ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಮಾರುವುದನ್ನು ಕಂಡಿದ್ದನು.

ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ರಾಯಚೂರು ದೋಆಬ್ ಈ ಎರಡು ರಾಜ್ಯಗಳ ಗಡಿ. ಬಹಮನಿ, ವಿಜಯನಗರ, ಬಿಜಾಪುರದ ಅರಸರು ಇದಕ್ಕಾಗಿ ಎಷ್ಟು ಸಲ ಕಾದಾಡಿದರೆಂಬುದು ಎಲ್ಲರಿಗೂ ತಿಳಿದದ್ದೇ. 1520ರಲ್ಲಿ ರಾಯಚೂರು ಕೋಟೆ ಕೃಷ್ಣದೇವರಾಯನ ವಶವಾಯಿತು. 1565ರ ನಂತರ ಬಿಜಾಪುರದ ಆದಿಲಶಾಹಿಗಳದಾಯಿತು. 1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಮುಂದೆ ಈ ಸೀಮೆ ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಸೇರಿತು. 1853ರಿಂದ 1860ರವರೆಗೆ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟೆಲ್ಲ ಧ್ವಜ ಬದಲಾದರೂ ನೆಲದ ಮೇಲೆ ಉಳಿದ ಗುರುತುಗಳು ನಮ್ಮ ನಾಲಿಗೆಯ ಮೇಲಿವೆ. ಅಂಜೂರ ಎಂಬ ಹೆಸರು ಪಾರಸಿಯದು. ಪೇರಲ ಎಂಬುದು ಪೋರ್ಚುಗೀಸರಿಂದ ಬಂದದ್ದು. ದಖನಿ ಮಾತನಾಡುವವರು ಅದನ್ನೇ ಜಾಮ್ ಎನ್ನುತ್ತಾರೆ. ಕಂದಾಯದ ಕಾಗದಗಳ ಖುಷ್ಕಿ, ತರಿ, ಬಾಗಾಯತು ಎಂಬ ಪದಗಳಲ್ಲಿ ಬಾಗಾಯತು ಎಂದರೆ ತೋಟದ ಜಮೀನು.

ರಾಯಚೂರು ನಗರದ ಮಾವಿನಕೆರೆಯನ್ನೇ ನೋಡಿರಿ. ಉರ್ದುವಿನಲ್ಲಿ ಅದು ಆಮ್ ತಲಾಬ್. ಉರ್ದುವಿನ ‘ಆಮ್’ ಅಲಿಫ್‌ನಿಂದ ಬರೆದರೆ ಮಾವಿನ ಹಣ್ಣು, ಐನ್‌ನಿಂದ ಬರೆದರೆ ಸಾರ್ವಜನಿಕ ಎಂದರ್ಥ. ಅದೇ ಊರಿನಲ್ಲಿ ಖಾಸ್ ಬಾವಿಯೂ ಇರುವುದರಿಂದ ಎರಡನೆಯ ಅರ್ಥವೂ ಮನಸ್ಸಿಗೆ ಬರುತ್ತದೆ. ಕನ್ನಡದ ನಾಲಿಗೆ ಮಾತ್ರ ಮಾವನ್ನೇ ಆರಿಸಿಕೊಂಡಿತು. ಹಣ್ಣಿನ ಮರವೂ ನೀರೂ ಸಾರ್ವಜನಿಕರ ಸ್ವತ್ತೆಂದು ಎರಡನ್ನೂ ಕೂಡಿಸಿ ಓದಿಕೊಂಡರೆ ತಪ್ಪಾಗಲಾರದು.

ಅರಸರು ಗಿಡ ತರಿಸುತ್ತಿದ್ದರು. ಗಿಡ ಉಳಿಸುತ್ತಿದ್ದವರು ತೋಟಗಾರರು. ಕಾಶ್ಮೀರದಲ್ಲಿ ಮೊದಲು ಚೆರಿ ಹಣ್ಣು ಇರಲಿಲ್ಲವೆಂದೂ, ಅಕ್ಬರನ ಕಾಲದಲ್ಲಿ ಮುಹಮ್ಮದ್ ಕುಲಿ ಅಫ್ಶಾರ್ ಎಂಬವನು ಕಾಬೂಲಿನಿಂದ ತಂದು ಕಸಿ ಕಟ್ಟಿ ಬೆಳೆಸಿದನೆಂದೂ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಬಾದಶಾಹನ ಬರಹದಲ್ಲಿ ಒಬ್ಬ ತೋಟಗಾರನ ಹೆಸರು ಉಳಿದದ್ದು ಅಪರೂಪದ ಸಂಗತಿ. 1510ರವರೆಗೆ ಬಿಜಾಪುರದವರ ಕೈಯಲ್ಲಿದ್ದ ಗೋವಾದಲ್ಲಿ ಪೋರ್ಚುಗೀಸ್ ಪಾದ್ರಿಗಳು ಮಾವಿನ ಕಸಿಯನ್ನು ಬೆಳೆಸಿದರು. ಆಪೂಸ್ ಮಾವು ಅದರ ಫಲ. ಹೈದರಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲಬಾಗಿಗೆ ಟಿಪ್ಪು ಸುಲ್ತಾನನು ದೂರ ದೇಶಗಳಿಂದ ಗಿಡಗಳನ್ನು ತರಿಸಿದನು. ಶ್ರೀರಂಗಪಟ್ಟಣದ ಗಂಜಾಮಿನ ಅಂಜೂರ ಇಂದಿಗೂ ಹೆಸರುವಾಸಿ. ನಮ್ಮ ನೆರೆಯ ಬಳ್ಳಾರಿ ಸೀಮೆಯದೂ ಅಂಜೂರಕ್ಕೆ ಹೆಸರಾದ ನೆಲ.

ನಿಜಾಮರ ಹೈದರಾಬಾದಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1890ರ ಸುಮಾರಿಗೆ ಅಬ್ದುಲ್ ಬಾಖರ್ ಖಾನ್ ಎಂಬವರು ಹೊರದೇಶದ ದ್ರಾಕ್ಷಿಯೊಂದನ್ನು ಹೈದರಾಬಾದಿನಲ್ಲಿ ಬೆಳೆಸಿದರು. ಅದೇ ‘ಅನಾಬ್-ಎ-ಶಾಹಿ’, ಅಂದರೆ ಅರಸು ದ್ರಾಕ್ಷಿ. ದಕ್ಷಿಣ ಭಾರತದ ದ್ರಾಕ್ಷಿ ಕೃಷಿಗೆ ದಶಕಗಳ ಕಾಲ ಅದು ಆಧಾರವಾಗಿತ್ತು. ಬಳ್ಳಿ ಸವರಿದಾಗ ಬಿದ್ದ ಕಡ್ಡಿಗಳೇ ಕೈಯಿಂದ ಕೈಗೆ, ತೋಟದಿಂದ ತೋಟಕ್ಕೆ ದಾಟಿದವು. ಕಸವೆಂದು ಎಸೆಯಬಹುದಾದ ಕಡ್ಡಿಯಿಂದ ಸಾವಿರಾರು ಕುಟುಂಬಗಳು ಅನ್ನ ಕಂಡವು.

ಕಡ್ಡಿ ಬೇರು ಬಿಡುವ ಗುಟ್ಟು

ಸಾವಿರಾರು ವರ್ಷ ಜನ ಮಾಡುತ್ತಿದ್ದ ಕೆಲಸದ ಕಾರಣ ತಿಳಿದದ್ದು ತೀರ ಇತ್ತೀಚೆಗೆ. ಚಿಗುರು ಎಲೆ ಮತ್ತು ಮೊಗ್ಗುಗಳಲ್ಲಿ ಆಕ್ಸಿನ್ ಎಂಬ ಪ್ರಚೋದಕ ದ್ರವ್ಯ ಹುಟ್ಟಿ ಕೆಳಮುಖವಾಗಿ ಇಳಿಯುತ್ತದೆ. ಕಡ್ಡಿಯನ್ನು ಕೊಯ್ದಾಗ ಅದು ಕೆಳತುದಿಯಲ್ಲಿ ಸಂಗ್ರಹವಾಗಿ, ತೊಗಟೆಯ ಒಳಗಿನ ಜೀವಕೋಶಗಳನ್ನು ಬೇರಾಗುವಂತೆ ಪ್ರಚೋದಿಸುತ್ತದೆ. 1934ರಲ್ಲಿ ಥೀಮನ್ ಮತ್ತು ವೆಂಟ್ ಎಂಬ ವಿಜ್ಞಾನಿಗಳು ಆಕ್ಸಿನ್ನಿಂದ ಬೇರು ಹುಟ್ಟುವುದನ್ನು ತೋರಿಸಿದರು. 1935ರಲ್ಲಿ ಅಮೆರಿಕದಲ್ಲಿ ಇಂಡೋಲ್ ಬ್ಯುಟಿರಿಕ್ ಆಮ್ಲದ (ಐಬಿಎ) ಗುಣ ಪತ್ತೆಯಾಯಿತು. ಇಂದು ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಬೇರಿನ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ದಾಳಿಂಬೆಯ ಕ್ರಮವನ್ನು ಚುಟುಕಾಗಿ ಹೇಳುವುದಾದರೆ: ಸುಮಾರು ಒಂದು ವರ್ಷ ಬಲಿತ, ಪೆನ್ಸಿಲ್ ದಪ್ಪದ, ರೋಗವಿಲ್ಲದ ಟೊಂಗೆಯನ್ನು ಆರಿಸಬೇಕು. ತೀರ ಎಳೆಯದು ಕೊಳೆಯುತ್ತದೆ, ತೀರ ಮುದಿಯಾದದ್ದು ಬೇರು ಬಿಡಲು ಒಲ್ಲೆ ಎನ್ನುತ್ತದೆ. 20ರಿಂದ 25 ಸೆಂ.ಮೀ. ಉದ್ದದ, ನಾಲ್ಕಾರು ಗಿಣ್ಣುಗಳಿರುವ ತುಂಡು ಮಾಡಬೇಕು. ಕೆಳತುದಿಯನ್ನು ಗಿಣ್ಣಿನ ಕೆಳಗೇ ಓರೆಯಾಗಿ, ಮೇಲ್ತುದಿಯನ್ನು ಗಿಣ್ಣಿನಿಂದ ತುಸು ಮೇಲೆ ನೇರವಾಗಿ ಕೊಯ್ಯಬೇಕು. ಯಾವುದು ತಲೆ, ಯಾವುದು ಬುಡ ಎಂದು ಇದರಿಂದ ತಪ್ಪದೆ ಗೊತ್ತಾಗುತ್ತದೆ. ಎಲೆ ತೆಗೆದು, ಬೇಕಾದರೆ ಬುಡವನ್ನು ಲೀಟರಿಗೆ ಸುಮಾರು 2 ಗ್ರಾಂ ಐಬಿಎ ಇರುವ ದ್ರಾವಣದಲ್ಲಿ ಕ್ಷಣಹೊತ್ತು ಅದ್ದಿ, ಮರಳು ಬೆರೆಸಿದ ಹದವಾದ ಮಣ್ಣಿನಲ್ಲಿ ಮೂರರಲ್ಲಿ ಎರಡು ಭಾಗ ಊರಬೇಕು. ನೆರಳಿರಬೇಕು, ತೇವವಿರಬೇಕು, ನೀರು ನಿಲ್ಲಬಾರದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಈ ಕೆಲಸಕ್ಕೆ ಮಳೆಗಾಲ ಮತ್ತು ಚಳಿಗಾಲವೇ ಸರಿಯಾದ ಹೊತ್ತು. ಅಂಜೂರಕ್ಕೂ ಹೆಚ್ಚುಕಡಿಮೆ ಇದೇ ಕ್ರಮ.

ಮೊದಲು ಚಿಗುರು ಬರುತ್ತದೆ, ಬೇರು ನಂತರ. ಚಿಗುರು ಕಂಡೊಡನೆ ಗಿಡ ಹಿಡಿಯಿತೆಂದು ಸಂತೋಷಪಟ್ಟು ಕಿತ್ತು ನೋಡುವವರ ಗಿಡ ಸಾಯುತ್ತದೆ. ಕಡ್ಡಿಯೊಳಗಿನ ಉಳಿತಾಯದ ಆಹಾರದಿಂದಲೂ ಚಿಗುರು ಬರಬಹುದು. ಬೇರು ಬಿಡುವವರೆಗೆ ಕಾಯುವ ತಾಳ್ಮೆ ಬೇಕು.

ದಾಳಿಂಬೆ ಕಲಿಸಿದ ಪಾಠ

ಕಡ್ಡಿಯ ಗುಣವೇ ಅದರ ಅಪಾಯವೂ ಹೌದು. 1936ರಲ್ಲಿ ಡಾ. ಜಿ. ಎಸ್. ಚೀಮಾ ಅವರು ಪುಣೆಯ ಗಣೇಶಖಿಂಡ ಹಣ್ಣಿನ ಕೇಂದ್ರದಲ್ಲಿ ಆಯ್ದ ದಾಳಿಂಬೆ ಮುಂದೆ ‘ಗಣೇಶ್’ ಎಂದು ಪ್ರಸಿದ್ಧವಾಯಿತು. ನಂತರ ಕೆಂಪು ಬಣ್ಣದ ‘ಭಗವಾ’ ತಳಿ ಬಂದು ಮಾರುಕಟ್ಟೆಯನ್ನೆಲ್ಲ ಆವರಿಸಿತು. ಕಡಿಮೆ ನೀರಿನಲ್ಲಿ ಬರುವ, ಬಿಸಿಲನ್ನು ತಾಳುವ, ಒಳ್ಳೆಯ ಬೆಲೆ ಸಿಗುವ ಬೆಳೆಯೆಂದು ಉತ್ತರ ಕರ್ನಾಟಕದ ರೈತರು ದಾಳಿಂಬೆಯತ್ತ ತಿರುಗಿದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿಯ ಭಾಗದಲ್ಲಿ ಭತ್ತದ ಗದ್ದೆ ಹಬ್ಬಿದರೆ, ಕಾಲುವೆ ಮುಟ್ಟದ ಒಣಭೂಮಿಯ ರೈತನಿಗೆ ಇಂತಹ ಹಣ್ಣಿನ ಗಿಡವೇ ಆಸೆಯಾಗಿ ಕಂಡಿತು.

ಒಮ್ಮೆಲೇ ಲಕ್ಷಾಂತರ ಸಸಿಗಳಿಗೆ ಬೇಡಿಕೆ ಬಂದಾಗ ತಾಯಿ ಮರ ಯಾವುದು, ಅದರ ಆರೋಗ್ಯ ಹೇಗಿದೆ ಎಂದು ಕೇಳುವವರು ಕಡಿಮೆಯಾದರು. 1952ರಲ್ಲಿ ದೆಹಲಿಯಲ್ಲಿ ಮೊದಲು ದಾಖಲಾಗಿದ್ದ ದುಂಡಾಣು ಅಂಗಮಾರಿ ರೋಗವು 1990ರ ದಶಕದ ಕೊನೆಯಿಂದ ಕರ್ನಾಟಕ ಮತ್ತು ಮಹಾರಾಷ್ಟ್ರದ ತೋಟಗಳನ್ನು ಹಣ್ಣುಗೊಡದಂತೆ ಮಾಡಿತು. ಎಲೆಯ ಮೇಲೆ ಎಣ್ಣೆ ಬಿದ್ದಂತಹ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಸೀಳು, ಕೊನೆಗೆ ಟೊಂಗೆ ಮುರಿತ. ಈ ರೋಗಾಣು ಗಾಳಿ ಮಳೆಯಿಂದಲೂ ಹರಡುತ್ತದೆ. ಆದರೆ ದೂರದ ಊರಿಗೆ ಅದು ಪ್ರಯಾಣ ಮಾಡುವುದು ಮುಖ್ಯವಾಗಿ ಸೋಂಕು ತಗುಲಿದ ಸಸಿಯ ಮೂಲಕವೇ. ಕಡ್ಡಿಯು ತಾಯಿಯ ಸಿಹಿಯನ್ನು ಹೊತ್ತು ತರುವಂತೆ ತಾಯಿಯ ರೋಗವನ್ನೂ ತರುತ್ತದೆ. ಎಲ್ಲ ಗಿಡಗಳೂ ಒಂದೇ ಗುಣದವಾದ್ದರಿಂದ ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುತ್ತದೆ. ಎರಡು ಮೂರು ವರ್ಷ ಸಾಲ ಮಾಡಿ ಬೆಳೆಸಿದ ತೋಟವನ್ನು ಫಲ ಕೊಡುವ ಹೊತ್ತಿಗೆ ಬೇರುಸಹಿತ ಕಿತ್ತು ಸುಡಬೇಕಾಗಿ ಬಂದ ರೈತನ ದುಃಖ ಹೇಳತೀರದು. ದಾಳಿಂಬೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರ 2005ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪನೆಯಾಯಿತು. ಶುದ್ಧ ತಾಯಿ ಮರ, ಶುದ್ಧ ಚಾಕು, ಶುದ್ಧ ಸಸಿ ಎಂಬುದೇ ತಜ್ಞರೆಲ್ಲರ ಮೊದಲ ಸಲಹೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಔಷಧದಲ್ಲಿ ಅದ್ದುವಷ್ಟು ಚಿಕ್ಕ ಎಚ್ಚರಿಕೆ ಇಡೀ ತೋಟವನ್ನು ಉಳಿಸಬಲ್ಲದು.

ಎರಡು ಕಲಮು, ಒಂದು ಕೈ

ನಮ್ಮ ಸೀಮೆಯಲ್ಲಿ ಬಾಗವಾನ ಸಮುದಾಯದವರಿದ್ದಾರೆ. ಬಾಗ್ ಎಂದರೆ ತೋಟ, ಬಾನ್ ಎಂದರೆ ಕಾಯುವವನು. ಹೆಸರು ತೋಟಗಾರನದು. ಆದರೆ ಇಂದು ಅವರಲ್ಲಿ ಹೆಚ್ಚಿನವರ ಕೈಯಲ್ಲಿ ತೋಟವಿಲ್ಲ, ಹಣ್ಣಿನ ಬಂಡಿಯಿದೆ. ತಲೆತಲಾಂತರದಿಂದ ಬಂದ ಕೈಯ ತಿಳಿವಳಿಕೆ ಕಾಗದಕ್ಕೆ ಇಳಿಯಲಿಲ್ಲ. ಯಾವ ತಿಂಗಳಲ್ಲಿ ಯಾವ ಟೊಂಗೆ ಕೊಯ್ಯಬೇಕು, ಯಾವ ಬಾವಿಯ ನೀರು ಯಾವ ಗಿಡಕ್ಕೆ ಒಗ್ಗುತ್ತದೆ ಎಂಬುದನ್ನು ಬಲ್ಲ ಹಿರಿಯ ಮಾಲಿಗಳು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಅವರ ಮಕ್ಕಳು ಶಾಲೆ ಕಲಿತರು ನಿಜ. ಆದರೆ ಶಾಲೆ ಕಲಿಯುವುದೆಂದರೆ ಮಣ್ಣು ಬಿಡುವುದು ಎಂದು ನಾವೇ ಅವರಿಗೆ ಕಲಿಸಿದೆವು. ಒಂದು ಕಲಮು ಹಿಡಿಯಲು ಇನ್ನೊಂದು ಕಲಮನ್ನು ಕೆಳಗಿಡಬೇಕೆಂಬ ಈ ತಪ್ಪು ತಿಳಿವಳಿಕೆಗೆ ಇಬ್ನುಲ್ ಅವ್ವಾಮನ ಚರಿತ್ರೆಯಲ್ಲಿ ಆಧಾರವಿಲ್ಲ, ಸಲ್ಮಾನ್(ರ) ಅವರ ಜೀವನದಲ್ಲಿಯೂ ಇಲ್ಲ.

ಅವಕಾಶಗಳು ಇಂದು ನಮ್ಮ ಬಾಗಿಲಲ್ಲೇ ಇವೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೂ ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವೂ 2008ರಲ್ಲಿ ಅಸ್ತಿತ್ವಕ್ಕೆ ಬಂದವು. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಬಿಟ್ಟರೆ ಬೇರೆ ಓದೇ ಇಲ್ಲವೆಂದು ಭಾವಿಸುವ ಪಾಲಕರು ಇತ್ತ ಕಡೆಗೂ ಗಮನ ಹರಿಸಬೇಕು. ನೆಲವಿಲ್ಲದವನೂ ಸಸಿಮಡಿ ಮಾಡಬಹುದು. ಹಿತ್ತಲಿನಷ್ಟು ಜಾಗ, ಒಂದು ಹರಿತ ಚಾಕು, ಪ್ರಾಮಾಣಿಕತೆ ಸಾಕು. ಪ್ರಾಮಾಣಿಕತೆಯನ್ನು ಒತ್ತಿ ಹೇಳಲು ಕಾರಣವಿದೆ. ಸಸಿ ಕೊಂಡವನಿಗೆ ಅದರ ಗುಣ ತಿಳಿಯುವುದು ವರ್ಷಗಳ ಮೇಲೆ. ಅಲ್ಲಿಯವರೆಗೆ ಅವನು ಮಾರಿದವನ ಮಾತನ್ನೇ ನಂಬಿರುತ್ತಾನೆ. ಆ ನಂಬಿಕೆ ಒಂದು ಅಮಾನತು.

ನಮ್ಮ ಶಾಲೆಗಳ ಆವರಣದಲ್ಲಿ ಹತ್ತು ಆರೋಗ್ಯವಂತ ತಾಯಿ ಮರಗಳನ್ನಾದರೂ ಬೆಳೆಸೋಣ. ಎರಡು ದಾಳಿಂಬೆ, ಎರಡು ಅಂಜೂರ, ಒಂದು ದ್ರಾಕ್ಷಿ ಬಳ್ಳಿಯಿಂದ ಆರಂಭಿಸಬಹುದು. ಪ್ರತಿಯೊಬ್ಬ ವಿದ್ಯಾರ್ಥಿ ಮಳೆಗಾಲದಲ್ಲಿ ಒಂದು ಕಡ್ಡಿ ಊರಿ, ಅದು ಬೇರು ಬಿಟ್ಟ ದಿನ, ಬಿಡದಿದ್ದರೆ ಸತ್ತ ಕಾರಣ, ಎರಡನ್ನೂ ತನ್ನ ವಹಿಯಲ್ಲಿ ಬರೆದಿಡಲಿ. ಊರಿನ ಹಿರಿಯ ಮಾಲಿಯನ್ನು ಶಾಲೆಗೆ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಅವರ ಅನುಭವವನ್ನು ಮಕ್ಕಳು ಬರೆದುಕೊಳ್ಳಲಿ. ಮುಂದಿನ ವರ್ಷದ ಸಂಚಿಕೆಗೆ ಅಂತಹ ಬರಹಗಳು ಬಂದರೆ ಅದಕ್ಕಿಂತ ಸಂತೋಷ ಬೇರಿಲ್ಲ.

ಗಿಡ ನೆಟ್ಟವನು ಸತ್ತ ಮೇಲೂ ಅದರ ಹಣ್ಣನ್ನು ಮನುಷ್ಯನೋ ಹಕ್ಕಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆ ಎಂಬುದು ನಮ್ಮ ನಂಬಿಕೆ. ಕಲಿಸಿದ ವಿದ್ಯೆಗೂ ಅದೇ ಫಲವಿದೆ. ಒಂದೇ ಹೆಸರಿನ ಈ ಎರಡು ಕಡ್ಡಿಗಳನ್ನು ನಮ್ಮ ಮಕ್ಕಳ ಒಂದೇ ಕೈಗೆ ಮತ್ತೆ ಕೊಡುವ ಶಕ್ತಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.